ಗುಡ್ಡ ಹತ್ತಿ ಇಳಿದ ಓದು

ಕಳಸದ ಸುತ್ತಮುತ್ತ ಕೆಲವು ವರ್ಷಗಳ ಹಿಂದಿನವರೆಗೂ ಇಂಟರ್ನೆಟ್ಟಿಗೆ ಒಂದು ಜಾಗ ಅಂತ ಇರುತ್ತಿತ್ತು. ರಸ್ತೆಯ ಯಾವುದೋ ತಿರುವು, ತೋಟದ ಮೇಲಿನ ಬೋಳುಗುಡ್ಡ, ನೀರಿನ ಟ್ಯಾಂಕಿನ ಪಕ್ಕದ ಬಂಡೆ, ಬಸ್ಸು ತಿರುಗಿಸುವ ಬಯಲು, ಹೀಗೆ. "ರೇಂಜ್ ಎಲ್ಲಿ ಸಿಗುತ್ತೆ?" ಎಂದು ಕೇಳಿದರೆ ಊರಿನ ಯಾರಾದರೂ ಕೈ ಮಾಡಿ ತೋರಿಸುತ್ತಿದ್ದರು. ಹೊರನಾಡಿನ ದಾರಿಯಲ್ಲಿ ಒಂದು, ಸಂಸೆಯ ಕಡೆ ಇನ್ನೊಂದು, ಬಾಳೆಹೊಳೆಯ ಕಡೆ ಮತ್ತೊಂದು. ಬೇಕಾದವರು ಅಲ್ಲಿಗೆ ಹೋಗುತ್ತಿದ್ದರು, ಕೆಲಸ ಮುಗಿಸಿಕೊಂಡು ಮನೆಗೆ ಬರುತ್ತಿದ್ದರು. ಮನೆಯಲ್ಲಿ ಫೋನ್ ಇದ್ದರೂ ಅದರಲ್ಲಿ ನೋಡುವುದಕ್ಕೆ ಏನೂ ಇರುತ್ತಿರಲಿಲ್ಲ.

ನಾನು ಈ ಸೀಮೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ಪೋಷಕರ ಸಭೆಯಲ್ಲಿ ಮೊದಲೆಲ್ಲ ಬಸ್ಸಿನ ಸಮಯ, ಸ್ಕಾಲರ್‌ಶಿಪ್ಪು, ಶೌಚಾಲಯದ ನೀರು ಇವೇ ಪ್ರಶ್ನೆಗಳಾಗಿರುತ್ತಿದ್ದವು. ಈಗ ಮೊದಲು ಏಳುವ ಪ್ರಶ್ನೆ ಬೇರೆ. "ಓದಕ್ಕೆ ಅಂತ ಕೂರ್ತಾನೆ ಮೇಡಂ, ಪುಸ್ತಕ ತೆಗೆದೇ ಇರುತ್ತೆ, ಕೈ ಮಾತ್ರ ಫೋನಿನ ಮೇಲಿರುತ್ತೆ. ಏನು ಮಾಡದು ಹೇಳಿ." ಇದಕ್ಕೆ ಎಲ್ಲ ಕಡೆ ಕೇಳಿಬರುವ ಉತ್ತರ ಎರಡೇ: ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಎಂದು ಮಗುವಿಗೆ ಹೇಳುವುದು, ಫೋನ್ ಕಿತ್ತಿಟ್ಟುಕೊಳ್ಳಿ ಎಂದು ತಂದೆತಾಯಿಗೆ ಹೇಳುವುದು. ಈ ಎರಡು ಉತ್ತರಗಳ ಮೇಲೂ ನನಗಿದ್ದ ನಂಬಿಕೆ ಹೋದದ್ದು ಆ ರೇಂಜಿನ ಜಾಗಗಳಿಗೆ ಹೋಗಿಬರುತ್ತಿದ್ದ ಮಕ್ಕಳನ್ನು ಹತ್ತಿರದಿಂದ ನೋಡಿದ ಮೇಲೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ ಜೂನ್ 25ರಂದು ಶುರುವಾಯಿತು. ಅದು ಮುಗಿಯುವ ಹೊತ್ತಿಗೆ ಮುಂದಿನ ತಂಡ ಹತ್ತನೆಯ ತರಗತಿಗೆ ಬಂದಾಗಿತ್ತು, ಆದರೆ ಕೂರುವುದಕ್ಕೆ ತರಗತಿ ಇರಲಿಲ್ಲ. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ಇದ್ದ ದಿನ ಮಕ್ಕಳು ಅವನ್ನು ನೋಡಿದರು. ಆಗಸ್ಟಿನಲ್ಲಿ 'ವಿದ್ಯಾಗಮ' ಬಂತು. ನಾವು ಶಿಕ್ಷಕರೇ ಊರೂರಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದೆವು. ಅಕ್ಟೋಬರಿನಲ್ಲಿ ಅದೂ ನಿಂತಿತು. ಹತ್ತನೆಯವರಿಗೆ 2021ರ ಜನವರಿ 1ರಂದು ಶಾಲೆ ಮತ್ತೆ ತೆರೆಯಿತು. ಅಲ್ಲಿಯವರೆಗೆ ಉಳಿದದ್ದು ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೊ, ಅಪರೂಪಕ್ಕೊಂದು ಗೂಗಲ್ ಮೀಟ್, ಮತ್ತು ಅವಕ್ಕಾಗಿ ಹತ್ತಬೇಕಾದ ಗುಡ್ಡ.

ಆ ಗುಡ್ಡದ ಮೇಲೆ ಮಕ್ಕಳು ಕೂರುತ್ತಿದ್ದ ರೀತಿಯನ್ನು ನಾನು ಮರೆಯಲಾರೆ. ಏನು ಬೇಕು ಎನ್ನುವುದು ಅಲ್ಲಿಗೆ ಬರುವ ಮೊದಲೇ ಅವರಿಗೆ ಗೊತ್ತಿರುತ್ತಿತ್ತು. ಕೆಲವರು ಅಂಗೈ ಮೇಲೆ ಬರೆದುಕೊಂಡು ಬರುತ್ತಿದ್ದರು: ಸಮಾಂತರ ಶ್ರೇಢಿಯ ವಿಡಿಯೊ, ವಿಜ್ಞಾನದ ನೋಟ್ಸು, ಇಂಗ್ಲಿಷಿನ ಪ್ರಶ್ನೆಪತ್ರಿಕೆ. ಬ್ಯಾಟರಿ ಎಷ್ಟಿದೆ ನೋಡಿಕೊಳ್ಳಬೇಕು, ಮಳೆ ಯಾವ ಕ್ಷಣದಲ್ಲಾದರೂ ಬರಬಹುದು, ಕಾಲಿಗೆ ಇಂಬಳ ಹತ್ತುತ್ತದೆ, ಕತ್ತಲಾಗುವ ಮೊದಲು ಇಳಿಯಬೇಕು. ಬೇಕಾದ್ದು ಇಳಿಸಿಕೊಂಡ ಮೇಲೆ ಒಂದಿಷ್ಟು ನಗು, ಒಂದು ಹಾಡು, ಗೆಳತಿಗೊಂದು ಮೆಸೇಜು ಇರುತ್ತಿತ್ತು. ಅದೂ ಮುಗಿಯುತ್ತಿತ್ತು. ವಾಪಸ್ ಹೊರಟ ಹತ್ತು ಹೆಜ್ಜೆಗೆ ರೇಂಜ್ ಹೋಗುತ್ತಿತ್ತು.

ನನ್ನ ಗಮನ ಸೆಳೆದದ್ದು ಆಮೇಲಿನ ಇಳಿಜಾರು. ಮೀಟ್‌ನಲ್ಲಿ ಕೇಳಿದ ಪಾಠ ಅರ್ಧಕ್ಕರ್ಧ ಕಡಿದುಹೋಗಿರುತ್ತಿತ್ತು. ಹಾಗಾಗಿ ಇಳಿಯುವಾಗ ಒಬ್ಬಳು, "ಕೊನೆಗೆ ಎನ್ ಮೈನಸ್ ಒನ್ ಯಾಕೆ ಬಂತೇ?" ಅನ್ನುತ್ತಿದ್ದಳು. ಇನ್ನೊಬ್ಬಳು, "ಮೊದಲನೇ ಪದಕ್ಕೆ ವ್ಯತ್ಯಾಸ ಕೂಡಿಸೋದಿಲ್ವಲ್ಲ, ಅದಕ್ಕೆ" ಅನ್ನುತ್ತಿದ್ದಳು. ಮೂರನೆಯವನು ಹಾಗಲ್ಲ ಎಂದು ವಾದಿಸುತ್ತಿದ್ದ. ಮನೆಗೆ ಹೋಗಿ ಮತ್ತೊಮ್ಮೆ ನೋಡೋಣ ಎನ್ನಲು ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಕೇಳಿದ್ದನ್ನು ನೆನಪಿನಿಂದಲೇ ಕಟ್ಟಬೇಕು, ಕಟ್ಟಲಾಗದ ಕಡೆ ಕೇಳಬೇಕು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದ್ದು ಇದನ್ನೇ: ಓದಿದ್ದನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡು ಬರೆದವರ ತಲೆಯಲ್ಲಿ ಅದು ಒಂದು ವಾರದ ನಂತರವೂ ಹೆಚ್ಚು ಉಳಿದಿರುತ್ತದೆ. ನಮ್ಮ ಮಕ್ಕಳಿಗೆ ಆ ಸಂಶೋಧನೆ ಗೊತ್ತಿರಲಿಲ್ಲ, ನನಗೂ ಆಗ ಗೊತ್ತಿರಲಿಲ್ಲ. ದಾರಿ ಅವರಿಂದ ಅದನ್ನು ಮಾಡಿಸುತ್ತಿತ್ತು.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಮಾತನ್ನೂ ಹೇಳಬೇಕು. ನೆಟ್‌ವರ್ಕ್ ಇಲ್ಲದ ಆ ದಿನಗಳೇ ಚೆನ್ನಾಗಿದ್ದವು ಎಂದು ಹಾಡಿಹೊಗಳುವುದು ಅನ್ಯಾಯ. 2021ರ ಜೂನ್‌ನಲ್ಲಿ ಘಟ್ಟದ ಕೆಳಗೆ ಸುಳ್ಯ ತಾಲ್ಲೂಕಿನ ಬಳ್ಳಕ್ಕದಲ್ಲಿ ರಸ್ತೆ ಬದಿ ಕೂತು ಸುರಿಯುವ ಮಳೆಯಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ಇಡೀ ನಾಡು ನೋಡಿತು. ಅದನ್ನು ನೋಡಿ ಕಣ್ಣು ಒದ್ದೆಯಾದವರು ಅನೇಕರು. ಆದರೆ ಕೊಡೆ ಹಿಡಿಯಲು ತಂದೆ ಇಲ್ಲದ, ಗುಡ್ಡದವರೆಗೆ ಒಂಟಿಯಾಗಿ ಕಳಿಸಲು ತಾಯಿಗೆ ಧೈರ್ಯವಾಗದ, ಮನೆಗಿರುವ ಒಂದೇ ಫೋನನ್ನು ಅಣ್ಣ ಕೆಲಸಕ್ಕೆ ಒಯ್ಯುತ್ತಿದ್ದ ಹುಡುಗಿಯರು ನಮ್ಮ ಪಟ್ಟಿಯಲ್ಲೇ ಇದ್ದರು. ಅವರಲ್ಲಿ ಕಾಫಿ ಕೊಯ್ಲಿಗೆ ಹೋದ ಕೆಲವರು ಶಾಲೆ ತೆರೆದ ಮೇಲೂ ಬರಲಿಲ್ಲ. ಇವತ್ತು ಬೆಂಗಳೂರಿನಿಂದ ಬರುವವರು ಎರಡು ದಿನ ಫೋನಿನ ಕಾಟ ಇಲ್ಲದೆ ಇರುವುದಕ್ಕೆ ನಮ್ಮ ಹೋಂಸ್ಟೇಗಳಿಗೆ ಹಣ ಕೊಡುತ್ತಾರೆ. ಅವರಿಗೆ ಅದು ವಿಶ್ರಾಂತಿ, ಸೋಮವಾರ ಅವರ ನೆಟ್‌ವರ್ಕ್ ಅವರಿಗೆ ವಾಪಸ್ ಸಿಗುತ್ತದೆ. ಇಲ್ಲಿನ ಮಕ್ಕಳಿಗೆ ಅದು ವಿಶ್ರಾಂತಿಯಾಗಿರಲಿಲ್ಲ. ಟವರ್ ಬಂದದ್ದು, ಮರದಿಂದ ಮರಕ್ಕೆ ಕಟ್ಟಿಕೊಂಡು ಕೇಬಲ್ ಬಂದದ್ದು ಒಳ್ಳೆಯದಾಯಿತು. ತಡವಾಗಿ ಬಂತು ಎನ್ನುವುದಷ್ಟೇ ನನ್ನ ದೂರು.

ಬಂದ ಮೇಲೆ ಏನಾಯಿತು? ಗುಡ್ಡ ಹತ್ತಿ ಓದಿದ ತಂಡದ ಒಬ್ಬ ಹುಡುಗಿ ಪಿಯುಸಿಗೆ ಸೇರಿದಳು. ಮನೆಗೆ ವೈಫೈ ಬಂತು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವಳೇ ಹೇಳಿದಳು: "ಆವಾಗ್ಲೇ ಚೆನ್ನಾಗಿ ಓದ್ತಿದ್ದೆ ಮೇಡಂ. ಈಗ ಎಲ್ಲಾ ಇದೆ, ಓದಕ್ಕೆ ಆಗ್ತಿಲ್ಲ. ನಾನು ಏನಾದ್ರೂ ಕೆಟ್ಟೋದ್ನಾ?" ಅವಳ ದನಿಯಲ್ಲಿದ್ದ ಭಯ ನಿಜವಾದದ್ದು. ಎರಡು ವರ್ಷಗಳಲ್ಲಿ ಅವಳ ಬುದ್ಧಿ ಬದಲಾಗಿರಲಿಲ್ಲ, ಶ್ರದ್ಧೆ ಬದಲಾಗಿರಲಿಲ್ಲ, ಅವಳ ತಾಯಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬೆಳಿಗ್ಗೆ ಹೊರಡುವ ಸಮಯ ಕೂಡ ಬದಲಾಗಿರಲಿಲ್ಲ. ಗುಡ್ಡದ ಮೇಲಿದ್ದದ್ದು ಓದುವ ಮೂಲೆಗೆ ಬಂದಿತ್ತು, ಅಷ್ಟೇ. ಆದರೂ ಅವಳು ತನ್ನನ್ನೇ ಅನುಮಾನಿಸುತ್ತಿದ್ದಳು. ನನಗೆ ಇದು ಬಹಳ ನೋವಿನ ಸಂಗತಿ ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ.

ಆಮೇಲೆ ನಾನು ನನ್ನ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಸಂಜೆ ಲೆಕ್ಕ ಮಾಡುವಾಗ ಫೋನಿನ ಕಡೆ ಕೈ ಹೋದರೆ ಹೋಗಲಿ, ತಡೆಯಬೇಡಿ. ಹೋದ ಕ್ಷಣದಲ್ಲಿ ಯಾವ ಸಾಲಿನಲ್ಲಿ ಇದ್ದಿರೋ ಅದರ ಪಕ್ಕ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ. ಯಾರನ್ನೂ ಬೈಯುವುದಿಲ್ಲ, ಅಂಕ ಕಳೆಯುವುದಿಲ್ಲ ಎಂದು ಮಾತು ಕೊಟ್ಟೆ. ಬಂದ ನೋಟ್‌ಬುಕ್ಕುಗಳನ್ನು ಒಟ್ಟಿಗೆ ಹರಡಿಕೊಂಡು ಕೂತಾಗ ಚುಕ್ಕೆಗಳು ಎಲ್ಲೆಂದರಲ್ಲಿ ಬಿದ್ದಿರಲಿಲ್ಲ. ನೇರವಾಗಿ ಸೂತ್ರ ಹಾಕಿ ಬಿಡಿಸುವ ಲೆಕ್ಕಗಳ ಪಕ್ಕ ಹೆಚ್ಚುಕಡಿಮೆ ಏನೂ ಇರಲಿಲ್ಲ. ವರ್ಗ ಸಮೀಕರಣದ ವಾಕ್ಯರೂಪದ ಲೆಕ್ಕಗಳಿವೆಯಲ್ಲ, ದೋಣಿ ಪ್ರವಾಹದ ವಿರುದ್ಧ ಹೋಗಿ ಬರುವುದು, ಆಯತಾಕಾರದ ಹೊಲದ ಉದ್ದಗಲ ಕಂಡುಹಿಡಿಯುವುದು, ಅಲ್ಲಿ ಚುಕ್ಕೆಗಳ ಗುಂಪು. ಅದರಲ್ಲೂ ಕೊಟ್ಟ ಮಾತನ್ನು ಸಮೀಕರಣವಾಗಿ ಬರೆಯಬೇಕಾದ ಒಂದೇ ಸಾಲಿನಲ್ಲಿ. ಎಕ್ಸ್ ಎಂದು ಯಾವುದನ್ನು ಇಟ್ಟುಕೊಳ್ಳಬೇಕು ಎಂದು ತಿಳಿಯದೆ ಪೆನ್ನು ನಿಂತ ಜಾಗ ಅದು. ಪ್ರಮೇಯದ ಸಾಧನೆಯಲ್ಲಿ ರಚನೆ ಮಾಡಬೇಕಾದ ಮೆಟ್ಟಿಲಿನ ಹತ್ತಿರವೂ ಹಾಗೇ. ಚೆನ್ನಾಗಿ ಓದುವವರ ಪುಸ್ತಕದಲ್ಲೂ ಚುಕ್ಕೆ ಇದ್ದವು, ಹಿಂದೆ ಬಿದ್ದವರ ಪುಸ್ತಕದಲ್ಲೂ ಇದ್ದವು. ಜಾಗ ಮಾತ್ರ ಒಂದೇ.

ಇದು ಗಣಿತದ ಮಾತು. ಸಮಾಜ ವಿಜ್ಞಾನದ ಪುಟಗಳಲ್ಲಿ ಚುಕ್ಕೆಗಳು ಸಮನಾಗಿ ಚೆಲ್ಲಿಕೊಂಡಿದ್ದವು ಎಂದು ನನ್ನ ಸಹೋದ್ಯೋಗಿಯೊಬ್ಬರು ಆಮೇಲೆ ಹೇಳಿದರು. ಅಲ್ಲಿ ಕಷ್ಟಕ್ಕಿಂತ ಬೇಸರ ಹೆಚ್ಚು ಕೆಲಸ ಮಾಡುತ್ತಿರಬೇಕು. ಎರಡೂ ಬೇರೆ ಬೇರೆ ಕಾಯಿಲೆ, ಒಂದೇ ಮದ್ದು ಎರಡಕ್ಕೂ ಹತ್ತುವುದಿಲ್ಲ. ಬೇಸರದ ವಿಷಯಕ್ಕೆ ನಾವು ಕಲಿಸುವವರು ಉತ್ತರ ಹೇಳಬೇಕು. ಕಷ್ಟದ್ದೇ ನನ್ನನ್ನು ಹೆಚ್ಚು ಕಾಡಿದ್ದು.

ಏಕೆಂದರೆ ಆ ಚುಕ್ಕೆಗಳು ಹೇಳಿದ್ದು ನಾವೆಲ್ಲ ಅಂದುಕೊಂಡದ್ದಕ್ಕೆ ತಿರುಗುಮುರುಗು. ಫೋನ್ ಕರೆಯುತ್ತದೆ, ಮಗು ಹೋಗುತ್ತದೆ ಎಂದು ನಾವು ನಂಬಿದ್ದೆವು. ಬಹಳಷ್ಟು ಸಲ ಫೋನು ಸುಮ್ಮನೆ ಬಿದ್ದಿರುತ್ತದೆ, ಅದರಲ್ಲಿ ಯಾವ ಸದ್ದೂ ಬಂದಿರುವುದಿಲ್ಲ. ತಿಳಿಯದಿರುವುದರ ಮುಂದೆ ಕೂತಿರುವ ಸಂಕಟದಿಂದ ಎದ್ದು ಹೋಗಲು ಮಗು ಬಾಗಿಲು ಹುಡುಕುತ್ತದೆ; ಎಲ್ಲಕ್ಕಿಂತ ಹತ್ತಿರ ತೆರೆದಿರುವ ಬಾಗಿಲು ಫೋನಿನದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಅವರು ಜನ ಕೆಲಸದ ನಡುವೆ ಎಲ್ಲೆಲ್ಲಿ ತಪ್ಪಿಸಿಕೊಳ್ಳುತ್ತಾರೆ ಎಂದು ವರ್ಷಗಟ್ಟಲೆ ನೋಡಿದವರು. ಹೊರಗಿನಿಂದ ಬರುವ ಅಡ್ಡಿಯಷ್ಟೇ ಸಲ ಮನುಷ್ಯ ತನಗೆ ತಾನೇ ಅಡ್ಡಿ ಮಾಡಿಕೊಳ್ಳುತ್ತಾನೆ ಎಂಬುದು ಅವರ ಗಮನಕ್ಕೆ ಬಂದ ಮುಖ್ಯ ಸಂಗತಿ. 2013ರಲ್ಲಿ ಲ್ಯಾರಿ ರೋಸೆನ್ ಮತ್ತು ಸಂಗಡಿಗರು 263 ವಿದ್ಯಾರ್ಥಿಗಳನ್ನು ಅವರು ಓದುವ ಜಾಗದಲ್ಲೇ ಹದಿನೈದು ನಿಮಿಷ ನೋಡುತ್ತ ಕೂತರು. ಮುಖ್ಯವಾದ ವಿಷಯ ಓದಿ, ನಾವು ನೋಡುತ್ತಿರುತ್ತೇವೆ ಎಂದು ಮೊದಲೇ ಹೇಳಿದ್ದರೂ, ಸರಾಸರಿ ಆರು ನಿಮಿಷ ತುಂಬುವ ಮೊದಲೇ ಓದು ಬಿಟ್ಟು ಮನಸ್ಸು ಬೇರೆ ಕಡೆ ಹೋಗಿತ್ತು.

ಹೋಗಿ ಬಂದರೆ ಏನಾಯಿತು, ಒಂದು ನಿಮಿಷ ತಾನೆ ಅನ್ನಿಸಬಹುದು. 2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಇದರ ಬಗ್ಗೆ ಬರೆದ ಪ್ರಬಂಧದ ಸಾರ ಹೀಗಿದೆ: ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ. ಎಲ್ಲ ಕೆಲಸಕ್ಕೂ ಇದರಿಂದ ಒಂದೇ ಪ್ರಮಾಣದ ನಷ್ಟವಲ್ಲ. ನಕ್ಷೆಗೆ ಬಣ್ಣ ತುಂಬುವಾಗ ನಡುವೆ ಎದ್ದುಹೋದರೆ ಬಂದು ಮುಂದುವರಿಸಬಹುದು. ದೋಣಿಯ ಲೆಕ್ಕದಲ್ಲಿ ಹಾಗಾಗುವುದಿಲ್ಲ. ದೋಣಿಯ ವೇಗ, ನೀರಿನ ವೇಗ, ಹೋಗುವ ಸಮಯ, ಬರುವ ಸಮಯ ನಾಲ್ಕನ್ನೂ ಒಟ್ಟಿಗೆ ತಲೆಯಲ್ಲಿ ಹಿಡಿದಿಟ್ಟುಕೊಂಡಾಗ ಮಾತ್ರ ಅವುಗಳ ನಡುವಿನ ಸಂಬಂಧ ಹೊಳೆಯುತ್ತದೆ. ಹಿಡಿದದ್ದು ಒಮ್ಮೆ ಜಾರಿದರೆ ಮೊದಲಿನಿಂದ ಶುರು. ಹೀಗೆ ಮೂರು ಸಲ ಜಾರಿದ ಮಗು "ನಂಗೆ ಲೆಕ್ಕ ಬರಲ್ಲ" ಎಂದು ತೀರ್ಮಾನ ಮಾಡಿಕೊಳ್ಳುತ್ತದೆ. ಫೋನು ಕಿತ್ತುಕೊಂಡದ್ದು ಒಂದು ನಿಮಿಷವನ್ನಲ್ಲ, ಹೊಳೆಯಲಿದ್ದ ಆ ಗಳಿಗೆಯನ್ನು. ನನಗೆ ಫೋನಿನ ಮೇಲಿರುವ ಸಿಟ್ಟೆಲ್ಲ ಇದರಿಂದ ಹುಟ್ಟಿದ್ದು.

ನಮ್ಮಲ್ಲಿ ಮನಸ್ಸನ್ನು ಮಂಗನಿಗೆ ಹೋಲಿಸಿ, ಚಂಚಲ ಎಂದು ಬೈದು, ಕಟ್ಟಿಹಾಕು ಎಂದು ಬೋಧಿಸುವ ರೂಢಿ ಹಳೆಯದು. ಸಾಧಕರಿಗೆ ಅದು ಸರಿ ಇರಬಹುದು. ಹದಿನೈದು ವರ್ಷದ ಮಗುವಿನ ಎದುರಿಗೆ ಕೂತಿರುವವರು ಯಾರು ಎಂದು ಒಮ್ಮೆ ನೋಡಬೇಕು. ಬೆರಳು ಎಳೆದಷ್ಟೂ ಮುಗಿಯದೆ ಬರುತ್ತಲೇ ಇರುವ ಪುಟ ತಾನಾಗಿ ಹುಟ್ಟಿದ್ದಲ್ಲ. ಏಜ಼ಾ ರಾಸ್ಕಿನ್ ಎಂಬ ವಿನ್ಯಾಸಕಾರ 2006ರಲ್ಲಿ ಅದನ್ನು ರೂಪಿಸಿದರು, ಮುಂದೆ ಅದಕ್ಕಾಗಿ ಸಾರ್ವಜನಿಕವಾಗಿ ಪಶ್ಚಾತ್ತಾಪವನ್ನೂ ಪಟ್ಟರು. ಪುಟಕ್ಕೆ ಕೊನೆ ಇದ್ದರೆ ಅಲ್ಲಿ ನಿಲ್ಲಿಸುವ ಯೋಚನೆ ಬರುತ್ತದೆ. ಕೊನೆಯನ್ನೇ ತೆಗೆದುಹಾಕಿದರೆ ಆ ಯೋಚನೆಗೆ ಜಾಗವಿಲ್ಲ. ಯಾವಾಗ ಕಾಳು ಬೀಳುತ್ತದೆ ಎಂದು ಗೊತ್ತಿಲ್ಲದಿದ್ದಾಗ ಪಾರಿವಾಳ ಹೆಚ್ಚು ಹೆಚ್ಚು ಕುಕ್ಕುತ್ತದೆ ಎಂದು ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಮುಂದಿನ ರೀಲ್ ಚೆನ್ನಾಗಿರಬಹುದು, ಇಲ್ಲದೆಯೂ ಇರಬಹುದು. ಆ ಅನಿಶ್ಚಯವೇ ಬೆರಳನ್ನು ಓಡಿಸುತ್ತದೆ. ಜಗತ್ತಿನ ಅತ್ಯಂತ ಚುರುಕಾದ ಸಾವಿರಾರು ತಲೆಗಳು ಹಗಲಿಡೀ ಕೂತು ಕಟ್ಟಿದ ವ್ಯವಸ್ಥೆಯ ಎದುರು ಸಂಸೆಯ ಒಂದು ಮಗುವನ್ನು ನಿಲ್ಲಿಸಿ, ಸೋತರೆ ನಿನ್ನ ಮನಸ್ಸೇ ಸರಿಯಿಲ್ಲ ಎನ್ನುವುದು ಯಾವ ನ್ಯಾಯ? ಕಾಫಿ ಗಿಡದಲ್ಲಿ ಕಂಬಚಿಗುರು ತೆಗೆದಷ್ಟೂ ಬರುತ್ತದೆ. ಬಂತೆಂದು ಯಾವ ಬೆಳೆಗಾರನೂ ಗಿಡವನ್ನು ಹಳಿಯುವುದಿಲ್ಲ; ಬರುವುದು ಗಿಡದ ಗುಣ, ತೆಗೆಯುವುದು ತೋಟದ ಕೆಲಸ ಎಂದು ವರ್ಷದ ಕೆಲಸದಲ್ಲಿ ಅದಕ್ಕೂ ದಿನ ಇಟ್ಟಿರುತ್ತಾನೆ.

ಹಾಗಾದರೆ ಕೆಲಸ ಯಾವುದು? ಗುಡ್ಡದ ಮಕ್ಕಳು ಕಲಿಸಿದ್ದು ದೂರದ ಪಾಠ. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿದ್ದ ಏಡ್ರಿಯನ್ ವಾರ್ಡ್ ಮತ್ತು ಸಹಸಂಶೋಧಕರು 2017ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಸದ್ದು ನಿಲ್ಲಿಸಿದ ಫೋನನ್ನು ಕೆಲವರು ಮೇಜಿನ ಮೇಲೆ ಮಗುಚಿಟ್ಟರು, ಕೆಲವರು ಜೇಬಿನಲ್ಲೋ ಚೀಲದಲ್ಲೋ ಇಟ್ಟುಕೊಂಡರು, ಉಳಿದವರು ಬೇರೆ ಕೋಣೆಯಲ್ಲಿ ಬಿಟ್ಟುಬಂದರು. ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆಗಳಲ್ಲಿ ಬೇರೆ ಕೋಣೆಯಲ್ಲಿ ಬಿಟ್ಟವರು ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಚೆನ್ನಾಗಿ ಮಾಡಿದರು. ಆಮೇಲೆ ಇದೇ ಪ್ರಯೋಗವನ್ನು ಮತ್ತೆ ಮಾಡಿದ ಎಲ್ಲರಿಗೂ ಅದೇ ಫಲ ಸಿಗಲಿಲ್ಲ, ಆದ್ದರಿಂದ ಅದನ್ನೇ ವೇದವಾಕ್ಯ ಎನ್ನಲಾರೆ. ನನ್ನ ತರಗತಿಯಲ್ಲಿ ಕಂಡದ್ದನ್ನು ಮಾತ್ರ ಹೇಳಬಲ್ಲೆ. ಫೋನ್ ತರಲು ಎದ್ದು, ಅಂಗಳ ದಾಟಿ, ಅಜ್ಜಿಯ ಕೋಣೆಗೆ ಹೋಗಿ ಕೇಳಬೇಕಾದ ಮನೆಗಳಿಂದ ಬಂದ ನೋಟ್‌ಬುಕ್ಕುಗಳಲ್ಲಿ ಚುಕ್ಕೆಗಳು ಕಡಿಮೆ. ಏಳುವ ಹೊತ್ತಿಗೆ, "ಎಕ್ಸ್ ಅಂದ್ರೆ ನೀರಿನ ವೇಗ ಅಂತ ಇಟ್ಕೊಂಡ್ರೆ?" ಎಂದು ಹೊಳೆದುಬಿಟ್ಟಿರುತ್ತದೆ. ಸಂಕಟ ತಡೆಯಲಾಗದಷ್ಟು ಇರುವುದು ಬಹಳ ಸ್ವಲ್ಪ ಹೊತ್ತು. ಆ ಸ್ವಲ್ಪ ಹೊತ್ತನ್ನು ದಾಟಿಸಲು ಹತ್ತು ಹೆಜ್ಜೆಯ ದೂರ ಸಾಕು. ಮನಸ್ಸು ಗಟ್ಟಿಯಾಗಲಿ ಎಂದು ಕಾಯುವುದಕ್ಕಿಂತ ಹತ್ತು ಹೆಜ್ಜೆ ಏರ್ಪಾಡು ಮಾಡುವುದು ಸುಲಭ.

ಸುಲಭ, ಆದರೆ ಎಲ್ಲರಿಗೂ ಅಲ್ಲ. ಲೈನ್ ಮನೆಯಲ್ಲಿ ಬೇರೆ ಕೋಣೆ ಎಲ್ಲಿಂದ ಬರಬೇಕು? ಅಡುಗೆ, ಊಟ, ನಿದ್ದೆ, ಓದು ಎಲ್ಲ ಅಲ್ಲೇ. ಅಸ್ಸಾಮಿನಿಂದ ಬಂದು ತೋಟದ ಕೆಲಸ ಮಾಡುವ ಕುಟುಂಬದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದ, ಅಚ್ಚುಕಟ್ಟಾದ ಅಕ್ಷರ. ಅವನ ಮನೆಯ ಫೋನ್ ಸಂಜೆ ಊರಿನ ಅಜ್ಜಿಯೊಡನೆ ಮಾತಾಡುವುದಕ್ಕೆ, ಹಣ ಕಳಿಸುವುದಕ್ಕೆ, ಕರೆಂಟು ಹೋದಾಗ ಬೆಳಕಿಗೆ, ಚಿಕ್ಕ ತಂಗಿಗೆ ಅನ್ನ ಉಣ್ಣಿಸುವಾಗ ಹಾಡಿಗೆ. ಅಂಥ ಫೋನನ್ನು ದೂರ ಇಡಿ ಎಂದು ಯಾವ ಬಾಯಿಂದ ಹೇಳುವುದು? ಅವನೇ ಒಂದು ದಾರಿ ಮಾಡಿಕೊಂಡ. ಬೆಳಿಗ್ಗೆ ಶಾಲೆಗೆ ಬೇಗ ಬಂದು ವರಾಂಡದಲ್ಲಿ ಕೂರುತ್ತಿದ್ದ. ಫೋನನ್ನು ದೂರ ಇಡಲಾಗದವನು ತಾನೇ ದೂರ ಬಂದ. ಅವನನ್ನು ನೋಡಿ ನಮ್ಮ ಶಾಲೆಯಲ್ಲಿ ಪ್ರಾರ್ಥನೆಗೆ ಮೊದಲು ಒಂದು ಕೊಠಡಿ ತೆರೆದಿಡುವ ಪದ್ಧತಿ ಶುರುವಾಯಿತು. ಏಕಾಂತ ಎನ್ನುವುದು ಕೋಣೆ ಇದ್ದವರಿಗೆ ಮಾತ್ರ ಸಿಗುವ ವಸ್ತುವಾಗಬಾರದು.

ಬಾಳೆಹೊನ್ನೂರಿನ ಸೀಗೋಡಿನ ನವೋದಯದಂಥ ವಸತಿಶಾಲೆಗಳಲ್ಲಿ ಮಕ್ಕಳ ಕೈಗೆ ಫೋನ್ ಕೊಡುವುದಿಲ್ಲ, ಅಲ್ಲಿ ನೋಡಿ, ಎಂದು ಪೋಷಕರು ಉದಾಹರಣೆ ಕೊಡುತ್ತಾರೆ. ಅದು ಸರಿಯೇ. ಆದರೆ ವಸತಿಶಾಲೆ ಮುಗಿಸಿದ ಮಗು ಮರುದಿನ ಫೋನಿರುವ ಜಗತ್ತಿಗೇ ಬರುತ್ತದೆ. ಬೇಲಿ ಹಾಕಿದವರು ಬೇರೆಯವರಾದರೆ ಬೇಲಿ ಹಾಕುವುದು ಹೇಗೆಂದು ತಿಳಿಯುವುದಿಲ್ಲ. ಹಾಕುವ ಕೆಲಸವನ್ನು ಮಗುವೇ ಕಲಿಯಬೇಕು, ಅದೂ ಹತ್ತನೆಯ ತರಗತಿಯೊಳಗೆ ಕಲಿಯಬೇಕು.

ಇಲ್ಲಿಯೇ ನಾವು, ಕಲಿಸುವವರು, ನಮ್ಮ ಕಡೆಯ ಲೆಕ್ಕವನ್ನೂ ನೋಡಿಕೊಳ್ಳಬೇಕಾಗಿದೆ. 2020ರ ಅನಿವಾರ್ಯಕ್ಕೆ ಹುಟ್ಟಿದ ವಾಟ್ಸಾಪ್ ಗುಂಪುಗಳು ಶಾಲೆ ತೆರೆದ ಮೇಲೂ ಮುಚ್ಚಲಿಲ್ಲ. ಈಗ ರಾತ್ರಿ ಒಂಬತ್ತಕ್ಕೆ ನೋಟ್ಸಿನ ಪಿಡಿಎಫ್ ಬರುತ್ತದೆ, ಒಂಬತ್ತೂವರೆಗೆ ನಾಳೆಯ ಕಿರುಪರೀಕ್ಷೆಯ ಸುದ್ದಿ ಬರುತ್ತದೆ, ಆಮೇಲೆ ಅದಕ್ಕೆ ಮಕ್ಕಳ ಕೈಮುಗಿಯುವ ಚಿತ್ರಗಳ ಸಾಲು. ಜುಲೈ ತಿಂಗಳಲ್ಲಂತೂ ಕೇಳುವುದೇ ಬೇಡ. ಭದ್ರೆ ಉಕ್ಕಿ ಹರಿಯುವ ದಿನಗಳಲ್ಲಿ ನಾಳೆ ಶಾಲೆಗೆ ರಜೆಯೋ ಇಲ್ಲವೋ ಎನ್ನುವುದು ಫೋನಿನಲ್ಲೇ ಗೊತ್ತಾಗಬೇಕು. ಸಂಜೆಯಿಂದ ಮಲಗುವವರೆಗೆ ಮಗು ಐದೈದು ನಿಮಿಷಕ್ಕೊಮ್ಮೆ ನೋಡುತ್ತದೆ, ತಂದೆತಾಯಿಯೂ ನೋಡು ಎನ್ನುತ್ತಾರೆ. ಒಂದು ಕೈಯಲ್ಲಿ ಫೋನ್ ಬಿಡು ಎನ್ನುತ್ತ ಇನ್ನೊಂದು ಕೈಯಲ್ಲಿ ಅದನ್ನೇ ಹಿಡಿಸುತ್ತಿದ್ದೇವೆ. ಇದರಲ್ಲಿ ಮಗುವಿನ ಚಂಚಲತೆಯ ಪಾಲು ಎಷ್ಟು, ನಮ್ಮ ಅಶಿಸ್ತಿನ ಪಾಲು ಎಷ್ಟು?

ಯಂತ್ರವನ್ನು ದ್ವೇಷಿಸಿ ಈ ಮಾತು ಹೇಳುತ್ತಿಲ್ಲ. ಹಾಗೆ ದ್ವೇಷಿಸುವುದು ನಮ್ಮ ಮೂಡಿಗೆರೆ ಸೀಮೆಯ ನೆಲಕ್ಕೆ ಒಗ್ಗುವುದೂ ಇಲ್ಲ. ಪೂರ್ಣಚಂದ್ರ ತೇಜಸ್ವಿಯವರು ಈ ಕಾಫಿ ತೋಟಗಳ ನಡುವೆ ಬದುಕಿ 2007ರಲ್ಲಿ ತೀರಿಕೊಳ್ಳುವವರೆಗೂ ಹೊಸ ಯಂತ್ರಗಳ ಬಗ್ಗೆ ಅವರಿಗಿದ್ದ ಆಸೆ ಬತ್ತಲಿಲ್ಲ. ಕ್ಯಾಮೆರಾ ಬಿಚ್ಚಿ ನೋಡಿದರು, ಕಂಪ್ಯೂಟರ್ ಕಲಿತರು, ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕೆಂದು ಪಟ್ಟುಹಿಡಿದರು. ಅದೇ ಮನುಷ್ಯ ಹಕ್ಕಿಯೊಂದರ ಚಿತ್ರಕ್ಕಾಗಿ ಮರೆಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂರಬಲ್ಲವರಾಗಿದ್ದರು, ಗಾಳ ಹಾಕಿ ನೀರನ್ನು ನೋಡುತ್ತ ಇರಬಲ್ಲವರಾಗಿದ್ದರು. 1980ರಲ್ಲಿ ಬಂದ ಅವರ 'ಕರ್ವಾಲೊ' ಕಾದಂಬರಿ ಒಂದು ಹಾರುವ ಓತಿಯ ಬೆನ್ನುಹತ್ತಿದವರ ಕತೆ. ಕಾಣುತ್ತದೋ ಇಲ್ಲವೋ ಗೊತ್ತಿಲ್ಲದ್ದನ್ನು ಹುಡುಕುತ್ತ ಹೋಗುವ ತಾಳ್ಮೆಯ ಕತೆ. ಯಂತ್ರದ ಒಲವು ಮತ್ತು ಕಾಯುವ ಶಕ್ತಿ ಎರಡೂ ಒಬ್ಬರಲ್ಲೇ ಇರಬಹುದು ಎನ್ನುವುದಕ್ಕೆ ನಮ್ಮ ಮಕ್ಕಳು ದೂರ ಎಲ್ಲೂ ಹುಡುಕಬೇಕಾಗಿಲ್ಲ. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ, ಬಸ್ಸು ಅಲ್ಲೇ ನಿಲ್ಲುತ್ತದೆ.

ಕಾಯುವುದು ಎಂದೆ. ತಿಳಿಯದಿರುವುದರ ಮುಂದೆ ಏನೂ ಮಾಡದೆ ಕೂತಿರುವ ಆ ಹೊತ್ತು ಓದಿನ ಹೊರಗಿನದು, ವ್ಯರ್ಥ ಎಂದು ಮಕ್ಕಳು ಭಾವಿಸಿದ್ದಾರೆ. ನಾವೂ ಅವರಿಗೆ ಹಾಗೇ ಕಾಣುವಂತೆ ಮಾಡಿದ್ದೇವೆ. ಉತ್ತರ ತಟ್ಟನೆ ಹೇಳಿದವನಿಗೆ ಶಹಬ್ಬಾಸ್ ಅನ್ನುತ್ತೇವೆ, ಸುಮ್ಮನೆ ಯೋಚಿಸುತ್ತ ನಿಂತವನನ್ನು ಕೂರಿಸುತ್ತೇವೆ. ಚುಕ್ಕೆಗಳನ್ನು ನೋಡಿದ ಮೇಲೆ ನಾನು ತರಗತಿಯಲ್ಲಿ ಕಷ್ಟದ ಲೆಕ್ಕ ಕೊಟ್ಟು, ಸ್ವಲ್ಪ ಹೊತ್ತು ಯಾರೂ ಉತ್ತರ ಹೇಳಕೂಡದು ಎನ್ನುತ್ತೇನೆ. ಮೊದಮೊದಲು ಮಕ್ಕಳು ಕೂತಲ್ಲೇ ಮಿಸುಕಾಡುತ್ತಾರೆ, ಕಿಟಕಿ ನೋಡುತ್ತಾರೆ. ಕೆಲವು ವಾರ ಕಳೆದ ಮೇಲೆ ಆ ಮೌನ ಅವರಿಗೆ ಒಗ್ಗುತ್ತದೆ. ಪೆನ್ನು ನಿಂತ ಸಾಲೇ ಓದು ಶುರುವಾಗುವ ಸಾಲು ಎಂದು ಒಂದು ಮಗುವಿಗೆ ಒಮ್ಮೆ ಅನುಭವಕ್ಕೆ ಬಂದರೆ, ಫೋನಿನ ಬಗ್ಗೆ ಆಮೇಲೆ ಉಪದೇಶ ಅಷ್ಟಾಗಿ ಬೇಕಾಗುವುದಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: "ನೀನು ಕೆಟ್ಟಿಲ್ಲ ಕಣೇ. ಗುಡ್ಡ ಮನೆಯೊಳಗೆ ಬಂದಿದೆ, ಅದನ್ನ ಮತ್ತೆ ಹೊರಗೆ ಇಡು. ಏನು ಬೇಕು ಅಂತ ಮೊದಲು ಬರ್ಕೋ, ದಿನಕ್ಕೆ ಒಂದು ಹೊತ್ತು ಹೋಗಿ ತಗೊಂಡು ಬಾ. ಬಂದ್ಮೇಲೆ ತಂಗಿಗೆ ಹೇಳಿಕೊಡು." ಅವಳು ಊರಿನ ಗ್ರಂಥಾಲಯವನ್ನು ಆರಿಸಿಕೊಂಡಳು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ, ಹಲವು ಕಡೆ ಕಂಪ್ಯೂಟರು, ಇಂಟರ್ನೆಟ್ಟು ಬಂದಿವೆ. ಇಂಟರ್ನೆಟ್ಟಿಗೆ ಒಂದು ಜಾಗ, ಒಂದು ಹೊತ್ತು, ಕೂರಲು ಒಂದು ಬೆಂಚು, ತಲೆಯ ಮೇಲೆ ಸೂರು. ಹೋಗಿ ಬರಲು ಒಂದು ದಾರಿ. ಇಂಬಳವಿಲ್ಲದೆ, ಮಳೆಯಲ್ಲಿ ನೆನೆಯದೆ, ಹೆಣ್ಣುಮಕ್ಕಳೂ ಧೈರ್ಯವಾಗಿ ಹೋಗಬಹುದಾದ ಗುಡ್ಡವನ್ನು ಊರಿನ ಮಧ್ಯದಲ್ಲೇ ಕಟ್ಟಿಕೊಳ್ಳಲು ಸಾಧ್ಯವಿದೆ.

ಅದಕ್ಕೆ ಪಂಚಾಯಿತಿಯವರಲ್ಲಿ ನನ್ನ ಕೋರಿಕೆ, ಪರೀಕ್ಷೆಯ ತಿಂಗಳುಗಳಲ್ಲಿ ಅರಿವು ಕೇಂದ್ರದ ಬಾಗಿಲನ್ನು ಸಂಜೆ ಸ್ವಲ್ಪ ಹೆಚ್ಚು ಹೊತ್ತು ತೆರೆದಿಡಿ. ತೋಟದ ಮಾಲೀಕರು ಮನಸ್ಸು ಮಾಡಿದರೆ ಲೈನ್ ಮನೆಗಳ ಹತ್ತಿರ ದೀಪವಿರುವ ಒಂದು ಕೋಣೆ ಕೊಡುವುದು ದೊಡ್ಡ ಖರ್ಚಲ್ಲ. ತಂದೆತಾಯಿ ಮಗು ಓದುವ ಹೊತ್ತಿಗೆ ತಮ್ಮ ಫೋನನ್ನೂ ಅದರ ಜೊತೆಗೇ ದೂರ ಇಡಲಿ. ನನ್ನ ಜೊತೆ ಕಲಿಸುವವರಲ್ಲಿ ಕೇಳಿಕೊಳ್ಳುವುದು ಒಂದೇ: ನೋಟ್ಸನ್ನು ತರಗತಿಯಲ್ಲೇ ಬರೆಸಿ ಮುಗಿಸಿ, ಸಂಜೆ ಏಳರ ನಂತರ ರಜೆಯ ಸುದ್ದಿಯೊಂದನ್ನು ಬಿಟ್ಟು ಮಕ್ಕಳ ಗುಂಪಿಗೆ ಏನನ್ನೂ ಕಳಿಸಬೇಡಿ.